ಕೊರಳಿನ ಗೆರೆಗಳಿಗೆ ಚಿಕಿತ್ಸೆ ಆರಿಸುವ ಮುನ್ನ

ಪುರಂದರದಾಸರ ಆರಾಧನೆಯಂದು ತುಮಕೂರಿನ ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ನಾನೂ ನನ್ನ ಶಿಷ್ಯೆಯರೂ ದೇವರನಾಮಗಳನ್ನು ಹಾಡಿದೆವು. ಮರುದಿನ ಶಿಷ್ಯೆಯೊಬ್ಬಳ ತಾಯಿ ತಮ್ಮ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೋವನ್ನು ಪ್ರೀತಿಯಿಂದ ಕಳುಹಿಸಿಕೊಟ್ಟರು. ತೀರ ಹತ್ತಿರದಿಂದ ತೆಗೆದ ಆ ವಿಡಿಯೋದಲ್ಲಿ, ನಾನು ತಾರಷಡ್ಜವನ್ನು, ಎಂದರೆ ಮೇಲಿನ ಸ್ಥಾಯಿಯ ‘ಸ’ವನ್ನು, ಮುಟ್ಟುವ ಹೊತ್ತಿಗೆ ಗಲ್ಲದ ಕೆಳಗಿನಿಂದ ಕೊರಳೆಲುಬಿನವರೆಗೆ ಎರಡು ಹುರಿಗಳು ಬಿಗಿದು ನಿಂತದ್ದೂ, ಕರಿಮಣಿ ಸರದ ಮೇಲ್ಗಡೆ ಮೂರು ಅಡ್ಡಗೆರೆಗಳು ಆಳವಾಗಿ ಇಳಿದದ್ದೂ ಸ್ಪಷ್ಟವಾಗಿ ಕಾಣಿಸಿತು. ನನಗೀಗ 54 ವರ್ಷ. ಮುಖಕ್ಕೆ ದಿನವೂ ಏನನ್ನಾದರೂ ಹಚ್ಚಿಕೊಳ್ಳುತ್ತಿದ್ದ ನಾನು ಕುತ್ತಿಗೆಯನ್ನು ಇಷ್ಟು ವರ್ಷ ಮರೆತೇಬಿಟ್ಟಿದ್ದೆನೆಂಬುದು ಅಂದು ಅರಿವಿಗೆ ಬಂತು.

ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂದು ಮನೆಯಲ್ಲೂ ಕೇಳಿದರು. ಮೂವತ್ತು ವರ್ಷಗಳಿಂದ ಜನರ ಎದುರು ಕುಳಿತು ಹಾಡುವವಳಿಗೆ ತಾನು ಹೇಗೆ ಕಾಣುತ್ತೇನೆಂಬುದು ಮುಖ್ಯವಾಗುವುದು ಸಹಜ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ನನ್ನ ಮಟ್ಟಿಗೆ ಈ ಆಯ್ಕೆ ಅಷ್ಟು ಸರಳವಾಗಿರಲಿಲ್ಲ. ಕೊರಳು ಎಂದರೆ ಕನ್ನಡದಲ್ಲಿ ಕತ್ತೂ ಹೌದು, ದನಿಯೂ ಹೌದು. ಒಂದನ್ನು ತಿದ್ದಲು ಹೋಗಿ ಇನ್ನೊಂದನ್ನು ಕಳೆದುಕೊಳ್ಳಲು ನಾನು ಸಿದ್ಧಳಿರಲಿಲ್ಲ.

ಮೊದಲು ಹೋದದ್ದು ಬೆಂಗಳೂರಿನ ಒಂದು ಸೌಂದರ್ಯ ಚಿಕಿತ್ಸಾಲಯಕ್ಕೆ. ಬೆಳಗಿನ ರೈಲು ಹಿಡಿದು ಹೋಗಿ ಸುಮಾರು ಒಂದು ಗಂಟೆ ಕಾದ ಮೇಲೆ ನನ್ನನ್ನು ಮಾತನಾಡಿಸಿದವರು ವೈದ್ಯರಲ್ಲ, ಸಲಹೆಗಾರ್ತಿ ಎಂದು ತಮ್ಮನ್ನು ಪರಿಚಯಿಸಿಕೊಂಡ ಒಬ್ಬ ಯುವತಿ. ಆಕೆ ಕುತ್ತಿಗೆಯನ್ನು ಮುಟ್ಟಿಯೂ ನೋಡದೆ, ನಾನೇನು ಕೆಲಸ ಮಾಡುತ್ತೇನೆಂದು ಕೇಳದೆ, ಆರು ಸಿಟ್ಟಿಂಗ್‌ಗಳ ಪ್ಯಾಕೇಜನ್ನು ಮುಂದಿಟ್ಟು, ಇಂದೇ ಮುಂಗಡ ಕಟ್ಟಿದರೆ ಮಾತ್ರ ರಿಯಾಯಿತಿ ಸಿಗುತ್ತದೆ ಎಂದರು. ಏನು ಚುಚ್ಚುತ್ತೀರಿ, ಎಲ್ಲಿಗೆ ಚುಚ್ಚುತ್ತೀರಿ ಎಂಬ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ. ನಾನು ಎದ್ದು ಬಂದೆ. ಚಿಕಿತ್ಸೆಯ ಹೆಸರಿಗಿಂತ ಮೊದಲು ಅದರ ದರವನ್ನು ಹೇಳುವ ಕಡೆ ಕುಳಿತಿರಬಾರದೆಂದು ಈಗಲೂ ಎಲ್ಲರಿಗೂ ಹೇಳುತ್ತೇನೆ.

ಎರಡು ವಾರಗಳ ನಂತರ ಊರಿನಲ್ಲಿಯೇ ಚರ್ಮರೋಗ ತಜ್ಞೆಯೊಬ್ಬರನ್ನು ಕಂಡೆ. ಅವರು ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ ಕೈಗೆ ಕನ್ನಡಿ ಕೊಟ್ಟು, ಹಲ್ಲು ಕಚ್ಚಿ ಕೆಳದುಟಿಯನ್ನು ಕೆಳಕ್ಕೆಳೆದು ‘ಈ’ ಎನ್ನಲು ಹೇಳಿದರು. ವಿಡಿಯೋದಲ್ಲಿ ಕಂಡ ಎರಡೂ ಹುರಿಗಳು ಕೂಡಲೇ ಎದ್ದವು. ತುಟಿ ಸಡಿಲಿಸಿದಾಗ ಹೆಚ್ಚುಕಡಿಮೆ ಮಾಯವಾದವು. ಆಮೇಲೆ, ‘ನೀವು ಹಾಡುವವರಲ್ಲವೇ, ಸ್ವಲ್ಪ ಹಾಡಿ’ ಎಂದರು. ಸ-ಪ-ಸ ಹಿಡಿದು ಮೇಲಕ್ಕೆ ಹೋದಾಗ ಅವರ ಬೆರಳು ನನ್ನ ಕುತ್ತಿಗೆಯ ಪಕ್ಕದಲ್ಲಿತ್ತು. ಕೊನೆಯಲ್ಲಿ ಚರ್ಮವನ್ನು ಎರಡು ಬೆರಳಿನಲ್ಲಿ ಮೆಲ್ಲನೆ ಹಿಡಿದೆತ್ತಿ ಬಿಟ್ಟರು. ಅದು ತನ್ನ ಜಾಗಕ್ಕೆ ಮರಳಲು ಒಂದು ಕ್ಷಣ ತಡಮಾಡಿದ್ದನ್ನು ನಾನೇ ಕನ್ನಡಿಯಲ್ಲಿ ಕಂಡೆ.

ಸುಕ್ಕು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ಕುತ್ತಿಗೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳೆಂಬುದು ಆ ಹತ್ತು ನಿಮಿಷಗಳಲ್ಲಿ ತಿಳಿಯಿತು. ಲಂಬವಾಗಿ ನಿಲ್ಲುವ ಹುರಿಗಳು ಚರ್ಮದ ಅಡಿಯಲ್ಲಿರುವ ಪ್ಲಾಟಿಸ್ಮಾ ಎಂಬ ತೆಳುವಾದ, ಅಗಲವಾದ ಸ್ನಾಯುವಿನ ಅಂಚುಗಳು. ಅಡ್ಡಗೆರೆಗಳು ತಲೆ ಬಾಗಿಸಿ ಎತ್ತುವ ಚಲನೆಯಿಂದ ಚರ್ಮ ಮಡಿಚಿಕೊಳ್ಳುವ ಜಾಗಗಳು. ಇವು ಎಳೆಯ ಮಕ್ಕಳಲ್ಲಿಯೂ ಇರುತ್ತವೆ. ಶಂಖದಂತೆ ಗೆರೆಗಳುಳ್ಳ ಕೊರಳನ್ನು ಕಂಬುಕಂಠವೆಂದು ನಮ್ಮ ಹಳೆಯ ಕಾವ್ಯಗಳು ಹೊಗಳಿರುವುದು ನೆನಪಾಗಿ ನನಗೆ ಅಲ್ಲಿಯೇ ಅರ್ಧ ಸಮಾಧಾನವಾಯಿತು. ಮೂರನೆಯದು, ಕಾಗದ ಮುದುಡಿದಂತೆ ಕಾಣುವ ಸಣ್ಣ ಸಣ್ಣ ಸುಕ್ಕುಗಳು ಮತ್ತು ಚರ್ಮದ ಸಡಿಲು. ಅದಕ್ಕೆ ವಯಸ್ಸಿನ ಜೊತೆಗೆ ಬಿಸಿಲು ಮುಖ್ಯ ಕಾರಣ. ಕುತ್ತಿಗೆಯ ಚರ್ಮ ಮುಖದ ಚರ್ಮಕ್ಕಿಂತ ತೆಳು, ಅದರಲ್ಲಿ ಎಣ್ಣೆಯಂಶ ಒಸರುವ ಗ್ರಂಥಿಗಳೂ ಕಡಿಮೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಿ.ಎಚ್. ರಸ್ತೆಯಲ್ಲಿ ಸ್ಕೂಟರಿನ ಮೇಲೆ ವರ್ಷಗಟ್ಟಲೆ ಓಡಾಡಿದ್ದರ ಲೆಕ್ಕ ಅಲ್ಲಿ ಬರೆದಿಟ್ಟಂತಿತ್ತು.

ಈ ಮೂರಕ್ಕೂ ಮದ್ದು ಬೇರೆ ಬೇರೆ. ಹುರಿಗಳಿಗೆ ಕೊಡುವುದು ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು, ಎಂದರೆ ಜನ ಬೊಟಾಕ್ಸ್ ಎಂದು ಕರೆಯುವ ಔಷಧ. ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ಅದು ತಡೆಯುವುದರಿಂದ ಪ್ಲಾಟಿಸ್ಮಾ ಸಡಿಲಗೊಂಡು ಹುರಿಗಳು ಇಳಿಯುತ್ತವೆ. ಪರಿಣಾಮ ಕೆಲವು ದಿನಗಳಲ್ಲಿ ಆರಂಭವಾಗಿ ಸುಮಾರು ಮೂರು ನಾಲ್ಕು ತಿಂಗಳು ಉಳಿಯುತ್ತದೆ, ಆಮೇಲೆ ಮತ್ತೆ ಚುಚ್ಚಿಸಿಕೊಳ್ಳಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಹುರಿಗಳಿಗೆಂದೇ ಬೊಟಾಕ್ಸ್‌ಗೆ ಅನುಮತಿ ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ, ಆದರೆ ವೈದ್ಯರು ಅದಕ್ಕೂ ಬಹಳ ಮೊದಲಿನಿಂದಲೇ ಇದನ್ನು ಬಳಸುತ್ತಿದ್ದರು. ನುರಿತ ಕೈಯಲ್ಲಿ ಇದು ಒಳ್ಳೆಯ ಚಿಕಿತ್ಸೆಯೆಂದೇ ವೈದ್ಯೆ ಹೇಳಿದರು. ಆದರೆ ಪ್ರಮಾಣ ಹೆಚ್ಚಾದರೆ ಅಥವಾ ಮದ್ದು ಆಳಕ್ಕಿಳಿದು ಪಕ್ಕದ ಸ್ನಾಯುಗಳಿಗೆ ಹರಡಿದರೆ ನುಂಗಲು ಕಷ್ಟವಾಗಬಹುದು, ದನಿ ಬದಲಾಗಬಹುದು, ತಲೆ ಎತ್ತುವಾಗ ಕುತ್ತಿಗೆ ಸೋತಂತಾಗಬಹುದು. ಅಂಥ ತೊಂದರೆ ಹೆಚ್ಚಾಗಿ ತಾತ್ಕಾಲಿಕವೆಂದು ಅವರು ಧೈರ್ಯ ಹೇಳಿದರೂ, ಹಾಡಿನಿಂದಲೇ ಬದುಕುವವಳಿಗೆ ಕೆಲವು ವಾರಗಳ ದನಿಯೂ ದೊಡ್ಡದು. ನಾನು ಬೇಡವೆಂದೆ. ಬೇರೆ ಕೆಲಸದಲ್ಲಿರುವ ನನ್ನ ಓರಗಿತ್ತಿಯೇನಾದರೂ ಕೇಳಿದ್ದರೆ, ತಜ್ಞರಲ್ಲಿ ಮಾಡಿಸಿಕೊಳ್ಳಲು ಧಾರಾಳವಾಗಿ ಹೇಳುತ್ತಿದ್ದೆ.

ಅಡ್ಡಗೆರೆಗಳನ್ನು ತುಂಬಲು ಹೈಲುರಾನಿಕ್ ಆಮ್ಲದ ಫಿಲ್ಲರ್, ಎಂದರೆ ಚುಚ್ಚಿ ತುಂಬುವ ಜೆಲ್, ಇದೆ. ತೆಳು ಚರ್ಮದಲ್ಲಿ ಅದು ಮೇಲ್ಮಟ್ಟದಲ್ಲಿಯೇ ಉಳಿದರೆ ಗಂಟುಗಳಾಗಿ ಅಥವಾ ನೀಲಿ ಛಾಯೆಯಾಗಿ ಕಾಣಿಸುತ್ತದೆ. ಕರಗಿಸಲು ಹೈಲುರಾನಿಡೇಸ್ ಎಂಬ ಕಿಣ್ವವಿರುವುದು ಇದರ ಒಂದು ಅನುಕೂಲ.

ಲೇಸರ್ ವಿಚಾರದಲ್ಲಿ ನಮ್ಮಂಥ ಕಂದುಬಣ್ಣದವರು ಹೆಚ್ಚು ಎಚ್ಚರದಿಂದಿರಬೇಕು. ಚರ್ಮ ಬಿಸಿಲಿಗೆ ಹೇಗೆ ಪ್ರತಿಕ್ರಿಯಿಸುತ್ತದೆಂಬುದರ ಮೇಲೆ ಹಾರ್ವರ್ಡ್‌ನ ಚರ್ಮತಜ್ಞ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ ವರ್ಗೀಕರಣವು ಮುಂದೆ, ತೀರ ಬಿಳಿಯ ಒಂದನೆಯದರಿಂದ ತೀರ ಕಪ್ಪಿನ ಆರನೆಯದರವರೆಗೆ, ಆರು ಬಗೆಗಳಿಗೆ ಬೆಳೆಯಿತು. ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು, ಐದನೆಯ ಬಗೆಯವರು. ಇಂಥ ಚರ್ಮಕ್ಕೆ ಗಾಯವಾದರೆ ಅದು ಮಾಗಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಜೊತೆಗೆ, ಚರ್ಮ ಮತ್ತೆ ಹುಟ್ಟಿ ಬರುವುದು ಬಹುಮಟ್ಟಿಗೆ ರೋಮಕೂಪ ಮತ್ತು ಗ್ರಂಥಿಗಳಿಂದ. ಅವು ಕುತ್ತಿಗೆಯಲ್ಲಿ ವಿರಳವಾಗಿರುವುದರಿಂದ, ಮುಖಕ್ಕೆ ಹೊಂದುವ ಪ್ರಖರತೆಯ ಕಾರ್ಬನ್ ಡೈಆಕ್ಸೈಡ್ ಲೇಸರನ್ನೇ ಕುತ್ತಿಗೆಗೂ ಹಾಯಿಸಿದರೆ ಗಾಯ ನಿಧಾನವಾಗಿ ಮಾಗಿ ಕಲೆ ಉಳಿಯುವ ಅಪಾಯವಿದೆ. ‘ಮುಖದ ಜೊತೆ ಕುತ್ತಿಗೆಗೂ ಉಚಿತ’ ಎಂಬಂಥ ಜಾಹೀರಾತುಗಳನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಸಡಿಲಾದ ಚರ್ಮಕ್ಕೆ ಉಳಿದ ದಾರಿಗಳೆಂದರೆ ಚರ್ಮದ ಆಳದಲ್ಲಿ ಶಾಖ ಹುಟ್ಟಿಸಿ, ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ಪ್ರೋಟೀನ್ ಬೆಳೆಯುವಂತೆ ಮಾಡುವ ಕೇಂದ್ರೀಕೃತ ಅಲ್ಟ್ರಾಸೌಂಡ್ ಮತ್ತು ಸೂಕ್ಷ್ಮಸೂಜಿಗಳ ಮೂಲಕ ಕೊಡುವ ರೇಡಿಯೋಫ್ರೀಕ್ವೆನ್ಸಿ ಎಂಬ ವಿದ್ಯುತ್ ಶಕ್ತಿ. ಎರಡನೆಯದರ ಶಕ್ತಿಯನ್ನು ಚರ್ಮದ ಬಣ್ಣದ ಕಣಗಳು ಹೀರುವುದಿಲ್ಲವಾದ್ದರಿಂದ ನಮ್ಮ ಬಣ್ಣಕ್ಕೆ ಲೇಸರಿಗಿಂತ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಎರಡರಲ್ಲಿಯೂ ಫಲ ಕಾಣಲು ಎರಡು ಮೂರು ತಿಂಗಳು ಕಾಯಬೇಕು, ಸುಧಾರಣೆಯೂ ಮಿತವಾದದ್ದೇ. ಚರ್ಮ ಜೋತುಬಿದ್ದಿದ್ದರೆ ಶಸ್ತ್ರಚಿಕಿತ್ಸೆಯೊಂದೇ ನಿಜವಾದ ಪರಿಹಾರ, ಅದು ಪ್ಲಾಸ್ಟಿಕ್ ಸರ್ಜನ್ ಒಬ್ಬರ ಕೆಲಸ. ನನ್ನ ಸ್ಥಿತಿ ಅಷ್ಟರಮಟ್ಟಿಗೆ ಇರಲಿಲ್ಲ.

ವೈದ್ಯೆ ಮೊದಲಿಗೆ ಬರೆದುಕೊಟ್ಟದ್ದು ಎರಡೇ ವಸ್ತುಗಳನ್ನು. ಬೆಳಿಗ್ಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನನ್ನು ಕಿವಿಯ ಹಿಂಭಾಗದಿಂದ ಕೊರಳೆಲುಬಿನವರೆಗೆ ಹಚ್ಚುವುದು, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದು. ರಾತ್ರಿ ಟ್ರೆಟಿನಾಯಿನ್ ಎಂಬ ವಿಟಮಿನ್ ಎ ಬಗೆಯ ಔಷಧದ 0.025% ಕ್ರೀಮನ್ನು ಮೊದಮೊದಲು ವಾರಕ್ಕೆ ಎರಡೇ ಬಾರಿ, ಮಾಯಿಶ್ಚರೈಸರ್ ಮೇಲೆ, ಬಟಾಣಿ ಗಾತ್ರದಷ್ಟು ಮಾತ್ರ. ಮೂರನೆಯ ವಾರ ಕುತ್ತಿಗೆ ಕೆಂಪಾಗಿ ಹೊಟ್ಟು ಎದ್ದಿತು. ನಾಲ್ಕು ದಿನ ಬಿಟ್ಟು ಮತ್ತೆ ಆರಂಭಿಸಿದೆ. ಗರ್ಭಿಣಿಯರು ಇದನ್ನು ಬಳಸಬಾರದೆಂಬುದನ್ನು ನನ್ನ ಕ್ರೀಮಿನ ಡಬ್ಬಿಯನ್ನು ಕೇಳಿದ ಹೆಣ್ಣುಮಕ್ಕಳಿಗೆಲ್ಲ ತಪ್ಪದೆ ಹೇಳಿದ್ದೇನೆ.

ಇಲ್ಲಿ ಒಂದು ಮಾತು ಬಹಳ ಕಳಕಳಿಯಿಂದ ಹೇಳಬೇಕಾಗಿದೆ. ನಮ್ಮ ಊರುಗಳಲ್ಲಿ ಟ್ರೆಟಿನಾಯಿನ್, ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಮತ್ತು ಸ್ಟೀರಾಯ್ಡ್ ಮೂರೂ ಬೆರೆತ ಕ್ರೀಮುಗಳನ್ನು ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಿಂದ ಕೇಳಿ ತರುವವರು ಈಗಲೂ ಇದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಮಾಡಿತು. ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳುವಾಗಿ, ರಕ್ತನಾಳಗಳು ಹೊರಗೆ ಕಾಣಿಸಿ, ಬಿಟ್ಟ ಕೂಡಲೇ ಉರಿ ಏಳುತ್ತದೆ. ನನ್ನ ಹತ್ತಿರದ ಸಂಬಂಧಿಕರೊಬ್ಬರ ಕುತ್ತಿಗೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಕುತ್ತಿಗೆಯ ಹಿಂಭಾಗ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗುತ್ತಿದ್ದರಂತೂ ಕ್ರೀಮಿಗೆ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಅದು ಮಧುಮೇಹದ ಮುನ್ಸೂಚನೆಯಾಗಿರಬಹುದು.

ಆರು ತಿಂಗಳ ಬಳಿಕ ರೇಡಿಯೋಫ್ರೀಕ್ವೆನ್ಸಿ ಮಾಡಿಸಿಕೊಳ್ಳಲು ಒಪ್ಪಿದೆ. ಅದಕ್ಕೆ ಮುಂಚೆ, ಯಂತ್ರವನ್ನು ಸ್ವತಃ ಯಾರು ಹಿಡಿಯುತ್ತಾರೆ, ನನ್ನ ಬಣ್ಣದವರಿಗೆ ಎಷ್ಟು ಬಾರಿ ಮಾಡಿದ್ದೀರಿ, ಕಲೆಯಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಗೋಡೆಯ ಮೇಲೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರವಿತ್ತು, ವೈದ್ಯೆಯ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಚೀಟಿಯಲ್ಲಿಯೇ ಅಚ್ಚಾಗಿತ್ತು. ಇವನ್ನು ನೋಡಿಕೊಳ್ಳಲು ಯಾರೂ ಸಂಕೋಚಪಡಬಾರದು. ಮರಗಟ್ಟಿಸುವ ಮುಲಾಮು ಹಚ್ಚಿ ಮುಕ್ಕಾಲು ಗಂಟೆ ಕೂರಿಸಿದರು. ಸೂಜಿಗಳು ಇಳಿದಾಗ ಬಿಸಿ ಚುಚ್ಚಿದಂತಾಯಿತು, ಎರಡು ದಿನ ಕೆಂಪಿತ್ತು. ಆ ಎರಡು ದಿನ ಮಕ್ಕಳಿಗೆ ಕುಳಿತಲ್ಲಿಯೇ ಜಂಟಿ ವರಸೆ ಹೇಳಿಕೊಟ್ಟೆ, ದನಿಗೆ ಏನೂ ಆಗಿರಲಿಲ್ಲ.

ಪ್ರತಿ ತಿಂಗಳ ಮೊದಲ ತಾರೀಖು ಬೆಳಿಗ್ಗೆ ಮನೆಯ ಒಂದೇ ಕಿಟಕಿಯ ಬಳಿ, ಒಂದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡುತ್ತೇನೆ. ಸಣ್ಣ ಸುಕ್ಕುಗಳು ನಯವಾಗಿವೆ, ಮೂರು ಅಡ್ಡಗೆರೆಗಳಲ್ಲಿ ಮೇಲಿನದು ತುಸು ಮಾಸಿದೆ, ಕೆಳಗಿನವೆರಡು ಇದ್ದಂತೆಯೇ ಇವೆ. ತಾರಷಡ್ಜಕ್ಕೆ ಹುರಿಗಳು ಈಗಲೂ ಏಳುತ್ತವೆ. ಎರಡನೆಯ ಸಿಟ್ಟಿಂಗ್ ಮುಂದಿನ ತಿಂಗಳು, ಕಛೇರಿಗಳಿಲ್ಲದ ವಾರ ನೋಡಿ ಗೊತ್ತುಮಾಡಿಕೊಂಡಿದ್ದೇನೆ.