ಮೂರನೇ ರೀಲು

12 ಆಗಸ್ಟ್ 2025, ಮಂಗಳವಾರ, ರಾತ್ರಿ

ಸಂಜೆ ಎಡಿಟಿಂಗ್ ಮಾಡೋ ಹುಡುಗನ ಫೋನು. "ಸಾರ್, ಮೂರನೇ ರೀಲಲ್ಲಿ ಮೊದಲು ಎಲ್ಲ ಸರಿಯಾಗೇ ಇದೆ. ಕೊನೇಲಿ ತುಟಿಗೂ ಮಾತಿಗೂ ತಾಳವೇ ಇಲ್ಲ."

"ರೀಲು ಎಷ್ಟುದ್ದ?"

"ಇಪ್ಪತ್ತು ನಿಮಿಷ."

"ಹೆಡ್ ಪಾಪ್ ಕೂರುತ್ತೆ, ಟೇಲ್ ಪಾಪ್ ಕೂರಲ್ಲ, ಅಲ್ವಾ?"

ಹೌದಂತೆ. ಪಾಪ್ ಅಂದರೆ ಪಿಕ್ಚರೂ ಸೌಂಡೂ ಹೊಂದಿದೆಯಾ ನೋಡೋಕೆ ರೀಲಿನ ತಲೆಗೂ ಬಾಲಕ್ಕೂ ಹಾಕೋ ಚಿಕ್ಕ ಸದ್ದು. ಶುರುವಿನಿಂದ ಕೊನೆವರೆಗೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಜೋಡಿಸಿದ ಜಾಗ ಸರಿಯಿಲ್ಲ. ಹೋಗ್ತಾ ಹೋಗ್ತಾ ಜಾಸ್ತಿಯಾದರೆ ಫ್ರೇಮ್ ರೇಟಿನದೇ ಕಿತಾಪತಿ. ಪ್ರಾಜೆಕ್ಟು ಸೆಕೆಂಡಿಗೆ 23.976 ಫ್ರೇಮಿನಲ್ಲಿದೆ, ಸೌಂಡಿನವರ ಹತ್ತಿರ ಪಿಕ್ಚರು 24ರಲ್ಲಿ ಓಡ್ತಿದೆ. ಸಾವಿರಕ್ಕೆ ಒಂದರ ವ್ಯತ್ಯಾಸ. 1,200 ಸೆಕೆಂಡಿಗೆ 1.2 ಸೆಕೆಂಡು, ಹತ್ತಿರಹತ್ತಿರ 29 ಫ್ರೇಮು.

ಕೊನೆಯ ಸೀನಿನ ಸೌಂಡು ಎಳೆದು ಕೂರಿಸ್ತೀನಿ ಅಂದ. ಬೇಡ ಮಾರಾಯ. ಹತ್ತನೇ ನಿಮಿಷದಲ್ಲಿ ಹದಿನಾಲ್ಕು ಫ್ರೇಮು ತಪ್ಪಿರೋದು ಹಾಗೇ ಉಳಿಯುತ್ತೆ. ಪ್ರಾಜೆಕ್ಟಿನ ರೇಟಲ್ಲೇ ಪಿಕ್ಚರ್ ಮತ್ತೆ ತೆಗೆದು ಕೊಡು, ಮಿಕ್ಸಿಂಗ್ ಮುಗಿದ ಮೇಲೆ ಎರಡನ್ನೂ ಒಟ್ಟಿಗೇ 24ಕ್ಕೆ ಏರಿಸಲಿ.

ಫಿಲಂ ಕಾಲದಲ್ಲೂ ಹೀಗಾಗ್ತಿತ್ತಾ ಅಂತ ಕೇಳಿದ. ಎಡಿಟಿಂಗ್ ಟೇಬಲ್ ಮೇಲೆ ಈ ರೋಗ ಇರಲಿಲ್ಲ. ಪಿಕ್ಚರಿಗೂ ಮ್ಯಾಗ್ನೆಟಿಕ್ ಸೌಂಡಿಗೂ ಅಂಚಿನಲ್ಲಿ ಒಂದೇ ತೂತಿನ ಲೆಕ್ಕ: ಫ್ರೇಮಿಗೆ 4 ತೂತು, ಅಡಿಗೆ 16 ಫ್ರೇಮು, ನಿಮಿಷಕ್ಕೆ 90 ಅಡಿ. ಯಂತ್ರದ ಚಕ್ರದ ಹಲ್ಲಿಗೆ ಸಿಕ್ಕ ಮೇಲೆ ಎರಡೂ ಜೊತೆಯಾಗೇ ಓಡಬೇಕು. ತಲೆನೋವು ನೆಗೆಟಿವ್ ಕಟಿಂಗಿನಲ್ಲಿ, ಅಂದರೆ ಎಡಿಟ್ ಮುಗಿದ ಮೇಲೆ ಮೂಲ ನೆಗೆಟಿವನ್ನೇ ಕತ್ತರಿಸಿ ಜೋಡಿಸೋದರಲ್ಲಿ. ಸಿಮೆಂಟ್ ಹಚ್ಚಿ ಅಂಟಿಸೋಕೆ ಶಾಟಿನಾಚೆಯ ಒಂದು ಫ್ರೇಮು ಬಲಿ. ಅದೇ ಶಾಟನ್ನು ಮುಂದೆ ಇನ್ನೊಂದು ಕಡೆ ಬಳಸೋದಿದ್ದರೆ ಆ ಫ್ರೇಮು ಸಿಗ್ತಿರಲಿಲ್ಲ. ಯಾವ ಫ್ರೇಮು ಅಂತ ಗುರುತಿಸೋಕೆ ಫಿಲಂ ಅಂಚಿನಲ್ಲಿರೋ ಎಡ್ಜ್ ನಂಬರ್ ತಪ್ಪಾಗಿ ಬರೆದರಂತೂ ಮುಗೀತು, ಕತ್ತರಿಸಿದ ನೆಗೆಟಿವ್‌ಗೆ ಅನ್‌ಡೂ ಎಲ್ಲಿಂದ ಬರಬೇಕು!

ಹಾಲಿವುಡ್ ಎಡಿಟರ್ ವಾಲ್ಟರ್ ಮರ್ಚ್ ಬಗ್ಗೆ ಹೇಳಿದೆ. 1996ರ 'ದಿ ಇಂಗ್ಲಿಷ್ ಪೇಷಂಟ್'ಗೆ ಎಡಿಟಿಂಗ್, ಸೌಂಡ್ ಎರಡಕ್ಕೂ ಆಸ್ಕರ್. ಅವಿಡ್ ಅನ್ನೋ ಕಂಪ್ಯೂಟರ್ ಎಡಿಟಿಂಗ್ ವ್ಯವಸ್ಥೆಯಲ್ಲಿ ಎಡಿಟ್ ಆದ ಸಿನಿಮಾಗೆ ಎಡಿಟಿಂಗ್ ಆಸ್ಕರ್ ಬಂದದ್ದೂ ಅದೇ ಮೊದಲು. ನಿಂತುಕೊಂಡೇ ಎಡಿಟ್ ಮಾಡ್ತಾರೆ ಅಂದಾಗ ನಕ್ಕ. "ನಮ್ಮ ರೂಮಲ್ಲಿ ಕೂರೋಕೇ ಜಾಗ ಇಲ್ಲ ಸಾರ್."

ಫೋನಿಡೋ ಮುಂಚೆ ಮೆಲ್ಲಗೆ ಇನ್ನೊಂದು ಮಾತು. ಯಾವುದೋ ಸಿನಿಮಾಗೆ ಸ್ಪಾಟ್ ಎಡಿಟಿಂಗಿಗೆ, ಅಂದರೆ ಶೂಟಿಂಗ್ ಜಾಗದಲ್ಲೇ ಕೂತು ಜೋಡಿಸೋ ಕೆಲಸಕ್ಕೆ, ಕರೆದಿದ್ದಾರಂತೆ. ಹೋದರೆ ಸೆಟ್ಟಿನಲ್ಲೇ ಕಂಟಿನ್ಯುಯಿಟಿ, ಅಂದರೆ ಶಾಟಿನಿಂದ ಶಾಟಿಗೆ ಎಲ್ಲ ಹೊಂದಿದೆಯಾ ಅಂತ, ನೋಡೋದು ಕಲೀತಾನೆ. ಯಾವ ಶಾಟು ಬಾಕಿ ಅಂತ ಡೈರೆಕ್ಟರಿಗೆ ಅಲ್ಲೇ ಹೇಳೋ ಧೈರ್ಯವೂ ಬರುತ್ತೆ. ಆದರೆ ಫೈನಲ್ ಕಟ್ ಬೇರೆಯವರದು, ಟೈಟಲ್ ಕಾರ್ಡಲ್ಲಿ ಇವನ ಹೆಸರು ಎಲ್ಲಿರುತ್ತೋ. ಸಂಬಳದ ಮಾತು ಆಯ್ತಾ ಅಂದರೆ ಸುಮ್ಮನಾದ. ಅಡ್ವಾನ್ಸಾದರೂ ಕೇಳು ಅಂತ ಹೇಳಬೇಕಿತ್ತು, ಅಷ್ಟರಲ್ಲಿ ಸೌಂಡಿನವರು ಕರೆದರು ಅಂತ ಫೋನಿಟ್ಟ.