ಖನಿಜಶಾಸ್ತ್ರದ ತರಗತಿ ಮತ್ತು ಕ್ಯಾಲವರೈಟ್

ಭೂವಿಜ್ಞಾನ ವಿಭಾಗದ ಸಂಗ್ರಹದಲ್ಲಿದ್ದ ಖನಿಜಗಳ ಪೈಕಿ ನನ್ನ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಕ್ಯಾಲವರೈಟ್. ಬೆಣಚುಕಲ್ಲಿಗೆ ಅಂಟಿಕೊಂಡಿದ್ದ, ಬೆಳ್ಳಿಯ ಬಿಳುಪಿಗೆ ಹಿತ್ತಾಳೆಯ ಛಾಯೆ ಬೆರೆತಿದ್ದ ಆ ಕಣಗಳ ತೂಕದಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಪಾಲು ಚಿನ್ನವೇ ಎಂದರೆ ಹೊಸದಾಗಿ ಸೇರಿದವರು ನಂಬುತ್ತಿರಲಿಲ್ಲ. ಚಿನ್ನದ ಒಂದು ಪರಮಾಣುವಿಗೆ ಟೆಲ್ಯುರಿಯಮ್‌ನ ಎರಡು ಪರಮಾಣುಗಳು ಕೂಡಿರುವ ಈ ಖನಿಜಕ್ಕೆ ಕ್ಯಾಲಿಫೋರ್ನಿಯಾದ ಕ್ಯಾಲವೆರಸ್ ಕೌಂಟಿಯಿಂದ ಹೆಸರು ಬಂದಿದೆ.

ನಮ್ಮ ಅಧ್ಯಾಪಕರು ಖನಿಜದ ಹೆಸರನ್ನು ಎಲ್ಲಕ್ಕಿಂತ ಕೊನೆಗೆ ಹೇಳುತ್ತಿದ್ದರು. ಅದಕ್ಕೆ ಮೊದಲು ಗುಣಗಳನ್ನು ನಾವೇ ಕಂಡುಕೊಳ್ಳಬೇಕಿತ್ತು. 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ ಕ್ಯಾಲವರೈಟ್‌ನ ಗಡಸುತನ 2.5ರಿಂದ 3, ಅಂದರೆ ಹೆಚ್ಚುಕಡಿಮೆ ಚಿನ್ನದಷ್ಟೇ. ಆದರೆ ಮೊನೆಯಿಂದ ಒತ್ತಿದಾಗ ಚಿನ್ನ ತಗ್ಗಿದರೆ ಇದು ಪುಡಿಯಾಗುತ್ತದೆ. ಚಿನ್ನದಂತೆ ಕಾಣುವ ಪೈರೈಟ್ ಕೂಡ ಪೆಡಸಾದದ್ದೇ, ಆದರೆ ಅದರ ಸಾಪೇಕ್ಷ ಸಾಂದ್ರತೆ ಸುಮಾರು 5 ಮಾತ್ರ, ಇದರದು 9ಕ್ಕೂ ಮಿಗಿಲು. ಚಿನ್ನ, ಟೆಲ್ಯುರಿಯಮ್ ಕೂಡಿರುವ ಬೇರೆ ಖನಿಜಗಳಾದ ಸಿಲ್ವನೈಟ್ ಮತ್ತು ಕ್ರೆನ್ನರೈಟ್‌ಗಳು ಒಂದು ದಿಕ್ಕಿನಲ್ಲಿ ನಯವಾಗಿ ಸೀಳುತ್ತವೆ. ಕ್ಯಾಲವರೈಟ್‌ಗೆ ಅಂಥ ಸೀಳು ಇಲ್ಲ. ಮಾದರಿ ಅಪರೂಪದ್ದಾದರೂ ಅದರ ಚೂರೊಂದನ್ನು ಇದ್ದಿಲಿನ ಮೇಲಿಟ್ಟು ಊದುಕೊಳವೆಯಿಂದ ಕಾಯಿಸಿ ತೋರಿಸಿದ್ದರು: ಜ್ವಾಲೆಗೆ ನೀಲಿಹಸಿರು ಬಣ್ಣ ಬಂತು, ಟೆಲ್ಯುರಿಯಮ್ ಆವಿಯಾಗಿ ಹೋಯಿತು, ಹಳದಿ ಚಿನ್ನದ ಪುಟ್ಟ ಮಣಿ ಉಳಿಯಿತು. ಪಶ್ಚಿಮ ಆಸ್ಟ್ರೇಲಿಯಾದ ಕಾಲ್‌ಗೂರ್ಲಿಯಲ್ಲಿ ಇಂಥ ಟೆಲ್ಯುರೈಡ್ (ಟೆಲ್ಯುರಿಯಮ್ ಕೂಡಿದ) ಚಿನ್ನದ ಅದಿರನ್ನು ಗುರುತಿಸದೆ ರಸ್ತೆಯ ಗುಂಡಿಗಳಿಗೆ ತುಂಬಿದ್ದರೆಂಬ ಪ್ರಸಿದ್ಧ ಕಥೆಯನ್ನು ಅವರು ಹೇಳಿದ್ದು ಆ ಮಣಿ ಆರುವಷ್ಟರಲ್ಲಿ.

ಅವರಿಗೆ ನಿಜವಾಗಿ ಪ್ರಿಯವಾಗಿದ್ದದ್ದು ಅದರ ಸ್ಫಟಿಕರೂಪ. ಸ್ಫಟಿಕದ ಪ್ರತಿಯೊಂದು ಮುಖವನ್ನೂ ಮೂರು ಸಣ್ಣ ಪೂರ್ಣಾಂಕಗಳಿಂದ ಗುರುತಿಸಬಹುದೆಂದು ನಾವು ಕಲಿತಿದ್ದೆವು. ಏಕನತ (ಮೂರು ಅಕ್ಷಗಳಲ್ಲಿ ಒಂದು ಓರೆಯಾಗಿರುವ) ವರ್ಗಕ್ಕೆ ಸೇರಿದ ಕ್ಯಾಲವರೈಟ್‌ನ ಹಲವು ಮುಖಗಳು ಮಾತ್ರ ಆ ನಿಯಮಕ್ಕೆ ಒಗ್ಗಲಿಲ್ಲ. ಸ್ಫಟಿಕಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳಾದ ಗೋಲ್ಡ್‌ಶ್ಮಿಟ್, ಪಲಾಶ್ ಮತ್ತು ಪೀಕಾಕ್ 1931ರಲ್ಲಿ ಅಷ್ಟೊಂದು ಮುಖಗಳನ್ನು ಅಳೆದು ದಾಖಲಿಸಿದರೂ ಒಗಟು ಬಿಡಿಸಲಾಗಲಿಲ್ಲ. ಪರಮಾಣುಗಳ ಸ್ಥಾನ ಅಲೆಯಂತೆ ಪಲ್ಲಟಗೊಳ್ಳುತ್ತದೆ, ಆ ಅಲೆಯ ಉದ್ದ ಜಾಲಕದ (ಪರಮಾಣುಗಳ ಕ್ರಮಬದ್ಧ ಜೋಡಣೆಯ) ಅಳತೆಗೆ ಹೊಂದುವುದಿಲ್ಲ ಎಂಬುದು ತಿಳಿದು, 1980ರ ದಶಕದಲ್ಲಿ ಆ ಮೂರು ಪೂರ್ಣಾಂಕಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿದ ಮೇಲೆ ಆ ಮುಖಗಳ ಲೆಕ್ಕ ಕೂಡಿತು. ಇದು ನಮ್ಮ ಪಠ್ಯಕ್ರಮದಲ್ಲಿ ಇರಲಿಲ್ಲ, ಪರೀಕ್ಷೆಗೂ ಬರುವಂತಿರಲಿಲ್ಲ. ಆದರೂ ಅವರು ಇಡೀ ಒಂದು ತರಗತಿಯನ್ನು ಇದಕ್ಕೇ ಮೀಸಲಿಟ್ಟಿದ್ದರು.