ಹಾರ್ಲಿ ಸಾಫ್ಟೇಲ್‌ಗೆ ಬಿಳಿ ಪಟ್ಟಿಯ ಹಿಂದಿನ ಟೈರ್

ಹಾರ್ಲಿ ಸಾಫ್ಟೇಲ್ ಬೈಕಿಗೆ ಅಗಲದ ಹಿಂದಿನ ಟೈರ್ ಕೊಳ್ಳುವ ಮುನ್ನ ಹಿಂದಿನ ಚಕ್ರ ತಿರುಗಿಸುವ ಡ್ರೈವ್ ಬೆಲ್ಟ್ ನೋಡಿ. ಟೈರ್ ಅಗಲವಾದರೆ ಮೊದಲು ಉಜ್ಜುವುದು ಅದಕ್ಕೇ. ನನ್ನ ಆಯ್ಕೆ ಎಂಟಿ90ಬಿ16 ಅಳತೆಯ ಟೈರ್. 16 ಇಂಚಿನ ರಿಮ್ಮಿಗೆ ಆ ದುಂಡುತನವೇ ಚೆಂದ.

ಕಡ್ಡಿ ಚಕ್ರಕ್ಕೆ ಟ್ಯೂಬ್ ಬೇಕಿದ್ದರೆ ರಿಮ್ ಟೇಪನ್ನೂ ಹೊಸದು ಹಾಕಿ. ಹಳೆಯದು ಸರಿದರೆ ಕಡ್ಡಿ ತುದಿ ಟ್ಯೂಬನ್ನು ಚುಚ್ಚುತ್ತದೆ. ಟೈರಿನ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಲಿ. ಬೀಡ್‌ಗೆ, ಅಂದರೆ ರಿಮ್ಮಿಗೆ ಕೂರುವ ಟೈರಿನ ಅಂಚಿಗೆ, ಸೋಪುನೀರು ಧಾರಾಳವಾಗಿ ಸವರಿ. ಟೈರ್ ಹಾಕುವ ಲಿವರ್ ಜಾರಿ ಬಿಳಿ ರಬ್ಬರ್ ಗೀಚಿದರೆ ಆ ಕಲೆ ಹೋಗದು, ಆತುರ ಬೇಡವೇ ಬೇಡ. ಬೀಡ್ ಕೂರಿಸುವಾಗ ಗಾಳಿಯ ಒತ್ತಡ 40 ಪಿಎಸ್‌ಐ ದಾಟಬೇಡಿ. ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪು ಸವರಿ.

ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ತಿರುಗುವ ಪಿವಟ್‌ನಿಂದ ಚಕ್ರದ ಆಕ್ಸಲ್‌ಗೆ ಎರಡೂ ಬದಿ ಒಂದೇ ಅಂತರವಿರಬೇಕು, ಇಲ್ಲದಿದ್ದರೆ ಬೆಲ್ಟ್ ಒಂದು ಅಂಚಿಗೆ ಎಳೆದು ಸವೆಯುತ್ತದೆ. ಆಕ್ಸಲ್ ನಟ್ ಬಿಗಿದ ಮೇಲೆ ಬೆಲ್ಟ್ ಬಿಗಿ ಮತ್ತೊಮ್ಮೆ ನೋಡಿ. ಹೊಸ ಟೈರಿನ ಬಿಳಿ ಪಟ್ಟಿಯ ಮೇಲಿನ ನೀಲಿ ರಕ್ಷಣಾ ಲೇಪ ತೆಗೆಯಲು ಬೆಚ್ಚಗಿನ ಸೋಪುನೀರು, ಮೆತ್ತನೆ ಬ್ರಷ್ ಸಾಕು, ಪೆಟ್ರೋಲ್ ಮುಟ್ಟಿಸಬೇಡಿ.